ಅವ್ವ ಕೂತು ನೋಡದ ಹಾಸಿಗೆ

"ಓ, ಕೂರ್ಗಾ? ಹಾಗಾದ್ರೆ ಕಾಫಿ ಎಸ್ಟೇಟ್ ಇರ್ಬೇಕಲ್ವಾ?"

ಕೊಡಗಿನಿಂದ ಹೊರಗೆ ಹೋಗಿ ಓದಿದ, ಕೆಲಸ ಮಾಡಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಹಾಸ್ಟೆಲಿನ ಮೊದಲ ರಾತ್ರಿ ಕೇಳಿಸಿಕೊಂಡಿದ್ದೇನೆ, ಪತ್ರಿಕೋದ್ಯಮ ಕ್ಲಾಸಿನ ಮೊದಲ ದಿನ ಕೇಳಿಸಿಕೊಂಡಿದ್ದೇನೆ, ಇಂಟರ್ನ್‌ಶಿಪ್‌ಗೆ ಹೋದ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿಸಿಕೊಂಡಿದ್ದೇನೆ. "ಕೊಡಗಿನವರಿಗೆಲ್ಲ ಎಸ್ಟೇಟ್ ಇದ್ರೆ ಅಲ್ಲಿ ಕೆಲಸ ಮಾಡೋರು ಯಾರು?" ಅಂತ ನಕ್ಕು ತಿರುಗಿ ಕೇಳುವುದು ನನ್ನ ಅಭ್ಯಾಸ. ನಮ್ಮ ಬ್ಯಾಚಿನವರಿಗೆ ಈ ಡೈಲಾಗ್ ನೆನಪಿರಬಹುದು.

ಆದರೆ 2025ರ ಜನವರಿಯಲ್ಲಿ, ಬೆಂಗಳೂರಿನ ವಿಠಲ ಮಲ್ಯ ರಸ್ತೆ ಹತ್ತಿರದ ಒಂದು ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನ ಬಾಯಿಂದ ಆ ಡೈಲಾಗ್ ಬರಲಿಲ್ಲ. "ಹ್ಞೂಂ, ಸಣ್ಣದೊಂದು ಇದೆ" ಅಂದೆ.

"ಅಮ್ಮ?"

"ಅಮ್ಮ ತೋಟ ನೋಡ್ಕೋತಾರೆ."

ಎರಡು ವಾಕ್ಯ. 'ಇದೆ' ಬದಲು 'ಇತ್ತು' ಅಂದಿದ್ದರೆ, 'ನೋಡ್ಕೋತಾರೆ' ಬದಲು 'ನೋಡ್ಕೋತಿದ್ರು' ಅಂದಿದ್ದರೆ ಎರಡೂ ನಿಜವೇ ಆಗುತ್ತಿದ್ದವು. ಕಾಲ ಬದಲಾಯಿಸಿ ಸುಳ್ಳು ಹೇಳಿದೆ. ಸುದ್ದಿ ಬರೆಯುವವರಿಗೆ ಇದು ಎಷ್ಟು ಸುಲಭ ನೋಡಿ.

ನಮಗೆ ತೋಟ ಇತ್ತು. ಮಾದಾಪುರದಿಂದ ಮೇಲೆ, ಇಳಿಜಾರಿನಲ್ಲಿ ಒಂದೂವರೆ ಎಕರೆ. ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಕರಿಮೆಣಸು, ಮನೆಯ ಹಿಂದೆ ನಾಲ್ಕು ಕಿತ್ತಳೆ ಗಿಡ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಮುತ್ತ ಗುಡ್ಡಗಳು ಜಾರಿದಾಗ ನಮ್ಮದೂ ಹೋಯಿತು. ಮನೆ ಅರ್ಧ, ತೋಟ ಪೂರ್ತಿ. ಆ ದಿನಗಳ ಬಗ್ಗೆ ತುಂಬ ಜನ ಬರೆದಿದ್ದಾರೆ, ನಾನೂ ಬರೆದಿದ್ದೇನೆ. ಇಲ್ಲಿ ಹೇಳಬೇಕಾದದ್ದು ಆಮೇಲಿನದ್ದು. ಪರಿಹಾರ ಕೇಂದ್ರ ಮುಗಿದು, ಬಾಡಿಗೆ ಮನೆ ಮುಗಿದು, ಜಂಬೂರಿನಲ್ಲಿ ಸರಕಾರ ಕಟ್ಟಿಸಿಕೊಟ್ಟ ಮನೆಗೆ ಬಂದೆವು. ಎಲ್ಲ ಮನೆಗಳೂ ಒಂದೇ ಥರ, ಸಾಲಾಗಿ. ಅಪ್ಪ ಬೇರೆಯವರ ತೋಟಕ್ಕೆ ಕೂಲಿಗೆ ಹೋಗತೊಡಗಿದರು. ಅವ್ವ 2019ರ ಶುರುವಿನಲ್ಲಿ, ತನ್ನ ನಲವತ್ತೈದನೇ ವಯಸ್ಸಿನಲ್ಲಿ, ಒಂದು ರೆಸಾರ್ಟಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದಳು.

ಈಗ ಅವಳಿಗೆ ಅಲ್ಲಿ ಆರು ವರ್ಷದ ಸರ್ವೀಸು. ಪಿಎಫ್ ಕಳೆದು ಕೈಗೆ 13,500 ರೂಪಾಯಿ ಬರುತ್ತದೆ.

ನಾನು ಬೆಂಗಳೂರಿಗೆ ಹೋಗಿದ್ದು ಜಿಲ್ಲೆಗಳ ಸುದ್ದಿಗಾರರಿಗಾಗಿ ಒಂದು ಸಂಸ್ಥೆ ಇಟ್ಟುಕೊಂಡಿದ್ದ ಎರಡು ದಿನದ ತರಬೇತಿಗೆ. ಮಳೆ, ಪ್ರವಾಹ, ಭೂಕುಸಿತದ ಅಂಕಿಅಂಶಗಳನ್ನು ಓದುವುದು ಹೇಗೆ ಎನ್ನುವುದು ವಿಷಯ. ಬೇರೆ ರಾಜ್ಯದವರೂ ಇದ್ದದ್ದರಿಂದ ಎಲ್ಲರಿಗೂ ಅದೇ ಹೋಟೆಲಿನಲ್ಲಿ ರೂಮು. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಲೆಕ್ಕ ಹಾಕಿ ದುಡ್ಡು ತೆಗೆದುಕೊಳ್ಳುವ ನನ್ನಂಥ ಬಿಡಿ ಸುದ್ದಿಗಾರ್ತಿಗೆ ಇದು ದೊಡ್ಡ ಸಂಗತಿಯೇ. ಸುಂಟಿಕೊಪ್ಪದಲ್ಲಿ ಬಸ್ ಹತ್ತಿ, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮೆಟ್ರೋದಲ್ಲಿ ಕಬ್ಬನ್ ಪಾರ್ಕ್‌ವರೆಗೆ ಹೋಗಿ, ಅಲ್ಲಿಂದ ಆಟೋ. ಹೋಟೆಲಿನ ಗೇಟಿನ ಒಳಗೆ ಆಟೋ ಹೋಗುವುದಿಲ್ಲ ಅಂತ ಡ್ರೈವರೇ ಹೇಳಿ ರಸ್ತೆಯಲ್ಲೇ ಇಳಿಸಿದ. ಬ್ಯಾಗು ಹೆಗಲಿಗೆ ಹಾಕಿಕೊಂಡು ಕಾರುಗಳು ಹೋಗುವ ದಾರಿಯಲ್ಲಿ ನಡೆದುಕೊಂಡು ಹೋದೆ. ಪೇಟ ತೊಟ್ಟ ಬಾಗಿಲ ಕಾವಲಿನವರು ನನಗೂ ಕೈ ಮುಗಿದರು. ನಾನು ಅವರಿಗಿಂತ ಜಾಸ್ತಿ ಬಗ್ಗಿ ಕೈ ಮುಗಿದೆ.

ರೂಮು ಹನ್ನೊಂದನೇ ಮಹಡಿಯಲ್ಲಿ. ಕಾರ್ಡ್ ಮುಟ್ಟಿಸಿದ ಕೂಡಲೇ ಬಾಗಿಲು ತೆರೆಯಿತು. ಒಳಗೆ ಕತ್ತಲು. ಯಾವ ಸ್ವಿಚ್ ಒತ್ತಿದರೂ ಲೈಟ್ ಹತ್ತಲಿಲ್ಲ. ರಿಸೆಪ್ಷನ್‌ಗೆ ಫೋನ್ ಮಾಡಿ ಕೇಳಲು ನಾಚಿಕೆ. ಕತ್ತಲಲ್ಲೇ ನಿಂತು ಅವ್ವನಿಗೆ ಫೋನ್ ಮಾಡಿದೆ. (ಅವ್ವನ ಜೊತೆ ನಮ್ಮ ಮಾತೆಲ್ಲ ಅರೆಭಾಷೆಯಲ್ಲಿ. ಇಲ್ಲಿ ಎಲ್ಲರಿಗೂ ತಿಳಿಯಲಿ ಅಂತ ಕನ್ನಡ ಮಾಡಿ ಬರೆದಿದ್ದೇನೆ.)

"ಕಾರ್ಡನ್ನ ಕೈಯಲ್ಲಿ ಹಿಡ್ಕೊಂಡು ನಿಂತ್ರೆ ಲೈಟ್ ಹತ್ತೋದಿಲ್ಲ ಮಗಾ. ಬಾಗಿಲ ಪಕ್ಕ ಗೋಡೆಯಲ್ಲಿ ಸಣ್ಣ ಡಬ್ಬಿ ಇರ್ತದೆ. ಅದರೊಳಗೆ ಇಳಿಸು."

ಇಳಿಸಿದೆ. ರೂಮೆಲ್ಲ ಬೆಳಕಾಯಿತು. ಪರದೆ ತಾನಾಗಿಯೇ ಸರಿಯಿತು. ಕೆಳಗೆ ಕಬ್ಬನ್ ಪಾರ್ಕಿನ ಮರಗಳ ತಲೆ, ಅದರಾಚೆ ಊರಿನ ದೀಪಗಳು.

"ವಿಡಿಯೋ ಹಾಕು" ಅಂದಳು ಅವ್ವ.

ನಾನು ಕಿಟಕಿ ತೋರಿಸಿದೆ. ಅವಳಿಗೆ ಕಿಟಕಿ ಬೇಡ. "ಬೆಡ್ ತೋರಿಸು. ಕಾಲಿನ ಕಡೆ. ಮೂಲೆ ಹೇಗೆ ಮಡಿಸಿದ್ದಾರೆ ನೋಡುವ." ತೋರಿಸಿದೆ. "ಹ್ಞಾಂ, ನಮ್ಮಲ್ಲೂ ಹೀಗೇ. ನಲವತ್ತೈದು ಡಿಗ್ರಿ." ಆಮೇಲೆ ಬಾತ್‌ರೂಮು. ಟಾಯ್ಲೆಟ್ ಪೇಪರಿನ ತುದಿಯನ್ನು ಮೂರು ಮೂಲೆ ಬರುವಂತೆ ಮಡಿಸಿದ್ದಾರಾ? ಮಡಿಸಿದ್ದಾರೆ. ಟವೆಲಿನ ಮಡಿಕೆಯ ಬಾಯಿ ಯಾವ ಕಡೆಗಿದೆ? ಒಳಗಡೆಗೆ. "ಕನ್ನಡಿಯ ಮೇಲಿನ ಮೂಲೆ ತೋರಿಸು. ಇನ್ನೂ ಮೇಲೆ. ಎಡಗಡೆ." ನಾನು ಕಮೋಡಿನ ಮುಚ್ಚಳ ಹಿಡಿದುಕೊಂಡು ತುದಿಗಾಲಲ್ಲಿ ನಿಂತು ಫೋನ್ ಮೇಲೆತ್ತಿದೆ.

"ಅಲ್ಲಿ ನೋಡು, ಗೆರೆ ಬಿದ್ದಿದೆ. ಆರ್-3 ಹೊಡೆದು ಬಟ್ಟೆ ಬದಲಾಯಿಸದೆ ಒರೆಸಿದ್ದಾರೆ."

ಅವಳ ದನಿಯಲ್ಲಿ ಸಣ್ಣದೊಂದು ಖುಷಿ ಇತ್ತು. ಪಂಚತಾರಾ ಹೋಟೆಲಿನ ಕನ್ನಡಿಯಲ್ಲಿ ಅವಳಿಗೊಂದು ಗೆರೆ ಸಿಕ್ಕಿತ್ತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅವ್ವನಿಗೆ ಈ 'ಆರ್' ಲೆಕ್ಕ ಬಾಯಿಪಾಠ. ಹೋಟೆಲುಗಳಲ್ಲಿ ಬಳಸುವ ಕ್ಲೀನಿಂಗ್ ದ್ರಾವಣಗಳಿಗೆ ನಂಬರ್ ಇರುತ್ತದೆ. ಆರ್-1 ಬಾತ್‌ರೂಮಿಗೆ, ಆರ್-2 ನೆಲಕ್ಕೆ ಮತ್ತು ಸಾಮಾನ್ಯ ಒರೆಸುವಿಕೆಗೆ, ಆರ್-3 ಗಾಜಿಗೆ, ಆರ್-4 ಮರದ ಸಾಮಾನಿಗೆ, ಆರ್-5 ಪರಿಮಳಕ್ಕೆ, ಆರ್-6 ಕಮೋಡಿಗೆ. ಆರ್-6 ಆಸಿಡ್ಡು, ಅದನ್ನು ಬ್ಲೀಚಿಂಗ್ ಜೊತೆ ಯಾವತ್ತೂ ಬೆರೆಸಬಾರದು, ಕೆಟ್ಟ ಗಾಳಿ ಬರುತ್ತದೆ. ಸೇರಿದ ಮೊದಲ ತಿಂಗಳು ಅವ್ವ ರಾತ್ರಿ ಊಟ ಮಾಡುತ್ತಾ ಇದನ್ನು ನನ್ನ ಹತ್ತಿರ ಒಪ್ಪಿಸುತ್ತಿದ್ದಳು, ನಾನು ಸಣ್ಣವಳಿದ್ದಾಗ ಅವಳಿಗೆ ಮಗ್ಗಿ ಒಪ್ಪಿಸಿದ ಹಾಗೆ.

ಅವಳ ರೆಸಾರ್ಟಿನಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಎಂಟರಿಂದ ಹತ್ತು ಕಾಟೇಜು. ಗೆಸ್ಟ್ ಇನ್ನೂ ಇರುವ ರೂಮಾದರೆ ಅರ್ಧ ಗಂಟೆಯೊಳಗೆ ಮುಗಿಯಬೇಕು. ಚೆಕ್‌ಔಟ್ ಆದ ರೂಮಾದರೆ ಮುಕ್ಕಾಲು ಗಂಟೆ. ಹಾಸಿಗೆಯ ಮೂಲೆ ಎತ್ತಿ, ಶೀಟು ಕೆಳಗೆ ತುರುಕಿ, ಮತ್ತೆ ಇಳಿಸಬೇಕು. ದಪ್ಪ ಹಾಸಿಗೆ, ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಮಡಿಸಬೇಕು. ಅವ್ವನ ಬಲ ಮಣಿಕಟ್ಟಿಗೆ ಈಗ ಸದಾ ಒಂದು ಕಪ್ಪು ಪಟ್ಟಿ. ಮಳೆಗಾಲದಲ್ಲಿ ಕಾಟೇಜಿನಿಂದ ಕಾಟೇಜಿಗೆ ಮೆಟ್ಟಿಲು ಹತ್ತಿ ಇಳಿಯಬೇಕು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒಗೆದ ಶೀಟಿನ ಗಂಟು. ಶೀಟು ನೆನೆಯಬಾರದು. ಅವಳು ನೆನೆಯಬಹುದು.

ಆ ರಾತ್ರಿ ಊಟ ಆದ ಮೇಲೆ ಸುಮ್ಮನೆ ಮೊಬೈಲಿನಲ್ಲಿ ಆ ಹೋಟೆಲಿನ ದರ ನೋಡಿದೆ. ನನ್ನಂಥದೇ ರೂಮು, ರಾತ್ರಿಗೆ 17,000. ದಿನದ ಬಾಡಿಗೆ 7,500 ದಾಟಿದ ರೂಮಿಗೆ ಶೇ 18 ಜಿಎಸ್‌ಟಿ. ಅಲ್ಲಿಗೆ 20,060 ರೂಪಾಯಿ. ಅವ್ವನ ಹೆಚ್ಚುಕಡಿಮೆ ಒಂದೂವರೆ ತಿಂಗಳು. ಎರಡು ರಾತ್ರಿಗೆ ಮೂರು ತಿಂಗಳು. ಲೆಕ್ಕ ಹಾಕಬಾರದಿತ್ತು. ಹಾಕಿದ ಮೇಲೆ ಆ ಹಾಸಿಗೆಯಲ್ಲಿ ಸಲೀಸಾಗಿ ಮಲಗಲು ಆಗಲಿಲ್ಲ. ನಾಲ್ಕು ದಿಂಬುಗಳಲ್ಲಿ ಮೂರನ್ನು ಕುರ್ಚಿ ಮೇಲಿಟ್ಟೆ. ಒಂದು ಅಂಚಿನಲ್ಲಿ ಮಾತ್ರ ಮಲಗಿದೆ, ಉಳಿದ ಮುಕ್ಕಾಲು ಭಾಗ ಸುಕ್ಕಾಗದಂತೆ.

ಬೆಳಿಗ್ಗೆ ಎದ್ದು ಹಾಸಿಗೆಯನ್ನು ನಾನೇ ಸರಿ ಮಾಡಿದೆ. ಅವ್ವ ಮನೆಯಲ್ಲಿ ತೋರಿಸಿಕೊಟ್ಟ ಹಾಗೆ, ಮೂಲೆ ಮಡಿಸಿ, ಕೈಯಿಂದ ಸವರಿ. ಇದನ್ನು ಮಾಡುವವರಿಗೆ ಒಂದು ರೂಮಿನ ಕೆಲಸ ಉಳಿಯಿತು ಅಂದುಕೊಂಡು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ತರಬೇತಿಗೆ ಹೋದೆ.

ಮಧ್ಯಾಹ್ನದ ಊಟದಲ್ಲಿ ಆ ಪ್ರಶ್ನೆ ಬಂತು. ಕೇಳಿದ್ದು ಬೆಂಗಳೂರಿನ ಒಬ್ಬ ಹಿರಿಯ ಪತ್ರಕರ್ತೆ, ಬಹಳ ಪ್ರೀತಿಯಿಂದಲೇ ಕೇಳಿದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾನು ಯಾಕೆ ಹಾಗೆ ಹೇಳಿದೆ ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ತಟ್ಟೆಯ ಭಾರವಾ, ಸುತ್ತ ಇದ್ದವರ ಇಂಗ್ಲಿಷಾ, ಅಥವಾ ಬಿಳಿ ಗ್ಲೌಸ್ ಹಾಕಿದ ಕೈಯೊಂದು ಹಿಂದಿನಿಂದ ಬಂದು ನನ್ನ ಎಂಜಲು ತಟ್ಟೆ ಎತ್ತಿಕೊಂಡು ಹೋದದ್ದಾ... ಗೊತ್ತಿಲ್ಲ. "ಈಗ ಕಾಫಿಗೆ ಒಳ್ಳೆ ರೇಟಲ್ವಾ? ನಿಮಗೆಲ್ಲ ಹಬ್ಬ!" ಅಂದರು ಅವರು. 2024ರಲ್ಲಿ 50 ಕೆ.ಜಿ. ರೋಬಸ್ಟಾ ಚೆರಿ ಚೀಲ 10,000 ರೂಪಾಯಿ ದಾಟಿದ ಸುದ್ದಿಯನ್ನು ನಾನೇ ಬರೆದಿದ್ದೆ. ಹಾಗಾಗಿ ರೇಟಿನ ಬಗ್ಗೆ, ಕೂಲಿಯವರು ಸಿಗದ ಬಗ್ಗೆ, ಆನೆ ಕಾಟದ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ತೋಟದ ಮಾಲೀಕರು ಮಾತಾಡುವ ಹಾಗೆಯೇ. 'ಕೂಲಿಯವರು ಸಿಗೋದೇ ಇಲ್ಲ' ಅನ್ನುವಾಗ ನಮ್ಮಪ್ಪ ಆ ಹೊತ್ತಿಗೆ ಯಾರದೋ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದರು. ಜನವರಿ ಅಲ್ಲವಾ, ರೋಬಸ್ಟಾ ಕುಯಿಲಿನ ಕಾಲ.

ಊಟ ಸೇರಲಿಲ್ಲ. ತಲೆನೋವು ಅಂತ ಹೇಳಿ ಹತ್ತು ನಿಮಿಷಕ್ಕೆ ರೂಮಿಗೆ ಬಂದೆ.

ಬಾಗಿಲು ತೆರೆದಿತ್ತು, ಹೊರಗೆ ಟ್ರಾಲಿ. ಒಳಗೆ ನನ್ನದೇ ವಯಸ್ಸಿನ ಒಬ್ಬಳು, ನಾನು ಸರಿ ಮಾಡಿಟ್ಟಿದ್ದ ಹಾಸಿಗೆಯನ್ನು ಪೂರ್ತಿ ಬಿಚ್ಚುತ್ತಿದ್ದಳು.

"ಸಾರಿ ಮೇಡಂ, ಆಮೇಲೆ ಬರ್ಲಾ?"

"ಇಲ್ಲ ಇಲ್ಲ, ಮಾಡಿ. ನಾನೇ ಬೆಡ್ ಮಾಡಿದ್ದೆನಲ್ಲ, ನಿಮಗೆ ಕೆಲಸ ಕಮ್ಮಿಯಾಗ್ಲಿ ಅಂತ..."

ಅವಳಿಗೆ ನಗು ಬಂತು, ತಡೆದುಕೊಂಡಳು. "ಥ್ಯಾಂಕ್ಸ್ ಮೇಡಂ. ಆದ್ರೆ ಗೆಸ್ಟ್ ಮಾಡಿದ್ದನ್ನ ಹಾಗೇ ಬಿಡೋ ಹಾಗಿಲ್ಲ. ಸೂಪರ್‌ವೈಸರ್ ಬಂದು ಚೆಕ್ ಮಾಡ್ತಾರೆ. ಬಿಚ್ಚಿ, ನೋಡಿ, ಮತ್ತೆ ಮಾಡ್ಲೇಬೇಕು."

ಅಂದರೆ ನಾನು ಅವಳಿಗೆ ಒಂದು ಕೆಲಸ ಕಡಿಮೆ ಮಾಡಿರಲಿಲ್ಲ, ಜಾಸ್ತಿ ಮಾಡಿದ್ದೆ.

ಮಾತಾಡಿಸಿದೆ. ಚಾಮರಾಜನಗರ ಕಡೆಯವಳು. ಕಸ್ತೂರಿನಗರದಲ್ಲಿ ನಾಲ್ವರು ಸೇರಿ ರೂಮು ಮಾಡಿದ್ದಾರೆ. ಇವತ್ತು ಅವಳಿಗೆ ಹದಿನಾಲ್ಕು ರೂಮು, ಇದು ಒಂಬತ್ತನೆಯದು. ಮಾತಾಡುತ್ತಲೇ ಶೀಟನ್ನು ಗಾಳಿಯಲ್ಲಿ ಒಂದು ಸಲ ಬೀಸಿ ಹರಡಿದಳು, ಅದು ಬಂದು ಸರಿಯಾಗಿ ನಡುವಿಗೆ ಬಿತ್ತು. ಹಾಸಿಗೆಯ ಮೂಲೆಯನ್ನು ಮೊಣಕಾಲಿನಿಂದ ಒತ್ತಿ ಎತ್ತಿ ಶೀಟು ತುರುಕಿದಳು. ಅವ್ವನೂ ಹಾಗೇ ಮಾಡುತ್ತಾಳೆ, ಮಣಿಕಟ್ಟು ಉಳಿಸಲು ಮೊಣಕಾಲು. ಬಾಯಿ ತುದಿಗೆ ಬಂದಿತ್ತು: ನಮ್ಮವ್ವನೂ ಇದೇ ಕೆಲಸ ಮಾಡೋದು. ಹೇಳಿದರೆ ಅವಳು ಏನಂದುಕೊಳ್ಳುತ್ತಾಳೋ, ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾಳೋ... ಹೇಳಲಿಲ್ಲ. ಒಂದು ಗಂಟೆಯೊಳಗೆ ಎರಡನೇ ಸಲ.

ಸಂಜೆ ತರಬೇತಿ ಮುಗಿದ ಮೇಲೆ ಹೊರಗೆ ಹೊರಟೆ. ಬೆಂಗಳೂರಿನ ದುಡ್ಡು ತಿರುಗಾಡುವ ಜಾಗ ಇದು. ವಿಠಲ ಮಲ್ಯ ರಸ್ತೆಗೆ ಮೊದಲು ಗ್ರಾಂಟ್ ರಸ್ತೆ ಅಂತ ಹೆಸರಿತ್ತು. ಹಳೆ ಬಿಯರ್ ಕಾರ್ಖಾನೆಯ ಜಾಗದಲ್ಲಿ ಯುಬಿ ಸಿಟಿ ಎದ್ದು, 2008ರಲ್ಲಿ ಅದರ ಮಾಲ್ ಶುರುವಾಯಿತು. ಒಳಗೆ ಹೋಗಿ ನೋಡಿದೆ. ಗಾಜಿನ ಹಿಂದೆ ಒಂದೇ ಒಂದು ಚರ್ಮದ ಬ್ಯಾಗು, ಅದರ ಮೇಲೆ ದೀಪ, ರೇಟು ಬರೆದಿಲ್ಲ. ಒಳಗೆ ಗಿರಾಕಿಗಿಂತ ಕೆಲಸದವರೇ ಹೆಚ್ಚು. ಎಲ್ಲರೂ ನಿಂತೇ ಇದ್ದರು. ಅಷ್ಟು ದೊಡ್ಡ ಅಂಗಡಿಯಲ್ಲಿ ಅವರಿಗೆ ಒಂದು ಸ್ಟೂಲೂ ಕಾಣಲಿಲ್ಲ. ಅವ್ವನ ಜೊತೆ ಮಾತಾಡಿದ ಮೇಲೆ ಕಣ್ಣು ಇಂಥದನ್ನೇ ಹುಡುಕುತ್ತದೆ.

ಅಲ್ಲಿಂದ ರೆಸಿಡೆನ್ಸಿ ರಸ್ತೆ ದೂರವಿಲ್ಲ. ಅದರ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆ. ಅದರಾಚೆಯ ರಿಚ್ಮಂಡ್ ರಸ್ತೆ ಜನರಲ್ ತಿಮ್ಮಯ್ಯ ರಸ್ತೆ. ಒಬ್ಬರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು, ಇನ್ನೊಬ್ಬರು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದವರು. ಮಡಿಕೇರಿಯಲ್ಲಿ ಇಬ್ಬರ ಪ್ರತಿಮೆ ನೋಡಿಕೊಂಡೇ ನಾವು ಬಸ್ ಸ್ಟ್ಯಾಂಡಿಗೆ ಹೋಗುವುದು. ಇಲ್ಲಿ ಆಟೋದವರಿಗೆ ಕಾರ್ಯಪ್ಪ ರಸ್ತೆ ಅಂದರೆ ಅರ್ಥವಾಗಲಿಲ್ಲ, ರೆಸಿಡೆನ್ಸಿ ರೋಡ್ ಅಂದ ಮೇಲೆ ತಲೆಯಾಡಿಸಿದರು. ಬೆಂಗಳೂರಿಗೆ ಕೊಡಗು ಅಂದರೆ ಸೈನಿಕರು, ಕಾಫಿ, ಮಂಜು, ಎಸ್ಟೇಟು. ಆ ಪಟ್ಟಿಯಲ್ಲಿ ಶೀಟು ಮಡಿಸುವ ಹೆಂಗಸರು ಇಲ್ಲ. ಪಟ್ಟಿಗೆ ಸೇರಿಸಬೇಕಾದ ನಾನೇ ಮಧ್ಯಾಹ್ನ ಅಳಿಸಿಬಂದಿದ್ದೆ.

ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿಗೆ ಹೋಗಿ ಕೂತೆ. 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು, ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಅದರ ಕಥೆ ಹೇಳುತ್ತಿದ್ದರು. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ಕಾರ್ಮಿಕರೇ ಸಹಕಾರ ಸಂಘ ಮಾಡಿಕೊಂಡು ನಡೆಸತೊಡಗಿದರು. ಮೊದಲ ಸಂಘ ಶುರುವಾದದ್ದು ಇದೇ ಬೆಂಗಳೂರಿನಲ್ಲಿ, 1957ರಲ್ಲಿ. ಬಿಳಿ ಸಮವಸ್ತ್ರ, ಪೇಟ ಹಾಕಿದ ವೇಟರ್ ಕಾಫಿ ತಂದಿಟ್ಟರು. ಆ ಹೋಟೆಲಿನ ಬಾಗಿಲಲ್ಲಿ ನಿಂತವರಿಗೂ ಪೇಟ, ಇವರಿಗೂ ಪೇಟ. ಇಲ್ಲಿ ಕಾಫಿ ತಂದುಕೊಡುವವರದೇ ಸಂಘ ಅನ್ನುವುದು ನೆನಪಾಗಿ, ಎರಡು ದಿನದಲ್ಲಿ ಮೊದಲ ಸಲ ಕುರ್ಚಿಗೆ ಬೆನ್ನು ಒರಗಿಸಿ ಕೂತೆ.

ರಾತ್ರಿ ಅವ್ವ ತಾನಾಗಿಯೇ ಫೋನ್ ಮಾಡಿದಳು. ನಾನು ಹಾಸಿಗೆ ಮಾಡಿದ್ದು, ಆ ಹುಡುಗಿ ಬಿಚ್ಚಿದ್ದು ಹೇಳಿದೆ. ಜೋರಾಗಿ ನಕ್ಕಳು.

"ಕೆಲಸ ಕಮ್ಮಿ ಮಾಡ್ಬೇಕಂತಿದ್ರೆ ಬೆಡ್ ಮುಟ್ಟಬೇಡ. ಒದ್ದೆ ಟವೆಲೆಲ್ಲ ಬಾತ್‌ರೂಮಲ್ಲಿ ಒಂದೇ ಕಡೆ ರಾಶಿ ಹಾಕು. ಕಸ ಬುಟ್ಟಿಗೆ ಹಾಕು, ಮೂಲೆ ಮೂಲೆಯಲ್ಲಿ ಬಿಡಬೇಡ. ದಿಂಬಿನ ಕವರಲ್ಲಿ ಮುಖ, ಲಿಪ್‌ಸ್ಟಿಕ್ ಒರೆಸಬೇಡ, ಅದರ ಕಲೆ ಹೋಗೋದಿಲ್ಲ. ಕ್ಲೀನ್ ಮಾಡೋದು ಬೇಡ ಅಂತ ಬಾಗಿಲಿಗೆ ಬೋರ್ಡ್ ಹಾಕಿ, ಸಂಜೆ ನಾಲ್ಕು ಗಂಟೆಗೆ ಬನ್ನಿ ಅಂತ ಕರೀಬೇಡ. ನಮ್ಮ ಬಸ್ಸು ತಪ್ತದೆ."

ನಾನು ಬರೆದುಕೊಂಡೆ. ನೀವೂ ಬರೆದುಕೊಳ್ಳಿ, ಯಾವತ್ತಾದರೂ ಬೇಕಾಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಮಲಗಿದ್ರೆ ಹೇಗಿರ್ತದೆ?"

"ಏನು?"

"ಆ ಬೆಡ್ಡು. ಮಲಗಿದ್ರೆ ಹೇಗಿರ್ತದೆ?"

ಆಗಲೇ ನನಗೆ ಹೊಳೆದದ್ದು. ಆರು ವರ್ಷ, ದಿನಕ್ಕೆ ಎಂಟು ಹತ್ತು ಹಾಸಿಗೆ. ಸಾವಿರಗಟ್ಟಲೆ ಹಾಸಿಗೆ ಮಾಡಿದ ಅವ್ವ ಅದರಲ್ಲಿ ಒಮ್ಮೆಯೂ ಕೂತಿಲ್ಲ. ಗೆಸ್ಟಿನ ಹಾಸಿಗೆ ಮೇಲೆ ಕೂತದ್ದು ಕಂಡರೆ ಮೆಮೊ ಕೊಡುತ್ತಾರೆ. ಕಾಲು ಸೋತರೆ ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಅರ್ಧ ನಿಮಿಷ ಸುಧಾರಿಸಿಕೊಳ್ಳುತ್ತಾರಂತೆ. ಎಲ್ಲಿ ಮೆತ್ತಗಿದೆ, ಎಲ್ಲಿ ಗಟ್ಟಿ ಇದೆ, ಯಾವ ಮೂಲೆ ಭಾರ ಎಂದು ಅವಳ ಕೈಗೆ ಗೊತ್ತು. ಬೆನ್ನಿಗೆ ಗೊತ್ತಿಲ್ಲ.

"ನನಗೆ ನಿದ್ದೆ ಬರ್ಲಿಲ್ಲ ಅವ್ವ" ಅಂದೆ.

"ಅದು ನಿನ್ನ ತಲೆಬಿಸಿ. ಬೆಡ್ಡಿನ ವಿಷಯ ಹೇಳು."

ಎದ್ದು ಹೋಗಿ, ಈ ಸಲ ನಡುವಿನಲ್ಲಿ, ಕೈಕಾಲು ಚಾಚಿ ಮಲಗಿದೆ. ಫೋನ್ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದೆ. ವರದಿ ಮಾಡುವ ಹಾಗೆ ಹೇಳಿದೆ: "ಮೊದಲು ಸ್ವಲ್ಪ ಒಳಗೆ ಹೋಗ್ತದೆ. ಆಮೇಲೆ ಕೆಳಗಿನಿಂದ ಯಾರೋ ಹಿಡ್ಕೊಂಡ ಹಾಗೆ ನಿಲ್ತದೆ. ಸೊಂಟದ ಹತ್ರ ನೋವಿದ್ರೆ ಅಲ್ಲಿಗೆ ಆಧಾರ ಸಿಗ್ತದೆ. ಶೀಟು ತಣ್ಣಗಿದೆ. ಹೊದ್ದುಕೊಂಡ್ರೆ ಭಾರ ಇಲ್ಲ, ಆದ್ರೆ ಬೆಚ್ಚಗಿದೆ. ಮಗ್ಗುಲು ಬದಲಾಯಿಸಿದ್ರೆ ಶಬ್ದ ಬರೋದಿಲ್ಲ."

ಅವ್ವ ಪೂರ್ತಿ ಕೇಳಿದಳು. "ಹಾಗಾದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂದಳು. ಅದರಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ತಾನು ಮಾಡುವ ಕೆಲಸದ ಆ ತುದಿ ಹೇಗಿರುತ್ತದೆ ಅಂತ ತಿಳಿದ ನೆಮ್ಮದಿ ಇತ್ತು. ಕಾಫಿ ಬೆಳೆದವನಿಗೆ ಯಾರೋ ಕುಡಿದು ಚೆನ್ನಾಗಿದೆ ಅಂದ ಹಾಗೆ.

ಆಗ ಮಧ್ಯಾಹ್ನದ ಸುಳ್ಳನ್ನು ಹೇಳಿಬಿಟ್ಟೆ. ಬೈಯುತ್ತಾಳೆ, ಇಲ್ಲವಾದರೆ ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನಾನೂ ಹೇಳ್ತೇನೆ" ಅಂದಳು.

"ಏನಂತ?"

"ಗೆಸ್ಟು ಮಾತಾಡಿಸಿದ್ರೆ. 'ಆಂಟಿ, ಇಲ್ಲೇನಾ ನಿಮ್ಮ ಮನೆ, ಮಕ್ಕಳು ಏನ್ಮಾಡ್ತಾರೆ' ಅಂತ ಕೇಳ್ತಾರೆ. 'ತೋಟ ಇದೆ, ಹೊತ್ತು ಹೋಗೋದಿಲ್ಲ ಅಂತ ಕೆಲಸಕ್ಕೆ ಬರ್ತೇನೆ' ಅಂತೇನೆ. ಗುಡ್ಡ ಜಾರಿತು ಅಂದ್ರೆ ಪಾಪ ಅಂತಾರೆ. ಪಾಪ ಅನ್ನಿಸಿಕೊಂಡು ಅವರ ಕಮೋಡ್ ತೊಳೆಯೋದು ಕಷ್ಟ."

ನಾನು ಏನೂ ಹೇಳಲಿಲ್ಲ.

"ಆದ್ರೆ ನಿನ್ನ ಬಗ್ಗೆ ಸುಳ್ಳು ಹೇಳೋದಿಲ್ಲ. ಮಗಳು ಪೇಪರಲ್ಲಿ ಬರೀತಾಳೆ ಅಂತೇನೆ."

ನಾವಿಬ್ಬರೂ ಒಂದೇ ತೋಟದ ಬಗ್ಗೆ ಒಂದೇ ಸುಳ್ಳು ಹೇಳುತ್ತಿದ್ದೆವು, ಒಬ್ಬರಿಗೊಬ್ಬರು ಗೊತ್ತಿಲ್ಲದೆ. ಆದರೆ ಎರಡು ಒಂದೇ ಅಲ್ಲ ಅಂತ ಆಮೇಲೆ ಅನ್ನಿಸಿತು. ಅವ್ವ ಸುಳ್ಳು ಹೇಳುವುದು ತನ್ನ ಮರ್ಯಾದೆ ಉಳಿಸಿಕೊಳ್ಳಲು, ಅದು ಅವಳ ಹಕ್ಕು. ನಾನು ಹೇಳಿದ್ದು ಅವಳನ್ನು ಮರೆ ಮಾಡಿ ನನ್ನ ಮರ್ಯಾದೆ ಉಳಿಸಿಕೊಳ್ಳಲು. ಮತ್ತೊಂದು ಸಂಗತಿಯೂ ಚುಚ್ಚಿತು. ಕೊಡಗಿನ ಪ್ರವಾಸೋದ್ಯಮದ ಬಗ್ಗೆ ನಾನೇ ಎಷ್ಟೊಂದು ಬರೆದಿದ್ದೇನೆ. ರಜೆ ಬಂದರೆ ಮಡಿಕೇರಿಯಲ್ಲಿ ಟ್ರಾಫಿಕ್ ಜಾಮ್, ರಾಜಾಸೀಟಿನಲ್ಲಿ ಜನಜಂಗುಳಿ, ಅಬ್ಬಿ ಜಲಪಾತದ ದಾರಿಯಲ್ಲಿ ಪ್ಲಾಸ್ಟಿಕ್, ಅನಧಿಕೃತ ಹೋಂಸ್ಟೇ. ಒಂದರಲ್ಲೂ ಹಾಸಿಗೆ ಮಾಡುವವರಿಲ್ಲ. ದಿನಾ ರಾತ್ರಿ ನನ್ನೆದುರು ಕೂತು ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವವಳೇ ಸುದ್ದಿ ಅಂತ ನನಗೆ ಅನ್ನಿಸಿರಲಿಲ್ಲ. ನಾಚಿಕೆಪಟ್ಟುಕೊಳ್ಳುವುದನ್ನು ನಾವು ವ��ದಿ ಮಾಡುವುದಿಲ್ಲ ಗೆಳೆಯರೇ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇಂಥ ಬರೆಯದ ಸುದ್ದಿ ಇದೆಯೋ.

"ಹೊರಡುವಾಗ ಏನಾದ್ರೂ ಇಟ್ಟು ಬಾ" ಅಂದಳು ಅವ್ವ ಫೋನ್ ಇಡುವ ಮೊದಲು. "ಸುಮ್ಮನೆ ದುಡ್ಡು ಮಾತ್ರ ಇಡಬೇಡ. ಚೀಟಿ ಬರೆದಿಡು. ಚೀಟಿ ಇಲ್ಲದ ದುಡ್ಡು ಗೆಸ್ಟ್ ಮರೆತು ಹೋದದ್ದು ಅಂತ ಲೆಕ್ಕ, ನಾವು ಆಫೀಸಿಗೆ ಕೊಡ್ಬೇಕು. ಇಟ್ಕೊಂಡ್ರೆ ಕಳ್ಳತನ."

ಮರುದಿನ ಒದ್ದೆ ಟವೆಲುಗಳನ್ನು ಒಂದೇ ಕಡೆ ರಾಶಿ ಹಾಕಿದೆ. ಕಸ ಬುಟ್ಟಿಗೆ ಹಾಕಿದೆ. ಹಾಸಿಗೆಯನ್ನು ಎದ್ದ ಹಾಗೆಯೇ ಬಿಟ್ಟೆ. ಮೇಜಿನ ಮೇಲಿದ್ದ ಹೋಟೆಲಿನ ಹೆಸರಿನ ದಪ್ಪ ಕಾಗದದಲ್ಲಿ ಕನ್ನಡದಲ್ಲಿ ಬರೆದೆ:

"ಇದು ಈ ರೂಮು ಮಾಡಿದವರಿಗೆ. ಮರೆತು ಬಿಟ್ಟದ್ದಲ್ಲ. ನಮ್ಮವ್ವನೂ ಕೊಡಗಿನಲ್ಲಿ ಇದೇ ಕೆಲಸ ಮಾಡ್ತಾರೆ. ನಿನ್ನೆ ಹೇಳಬೇಕಿತ್ತು, ಹೇಳಲಿಲ್ಲ."

ಅದರ ಜೊತೆ ಇನ್ನೂರು ರೂಪಾಯಿ ಇಟ್ಟೆ.

ತರಬೇತಿಯ ಕೊನೆಯಲ್ಲಿ ಆ ಹಿರಿಯ ಪತ್ರಕರ್ತೆ ಬಂದು, ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟಾಗ ನಿಮ್ಮ ತೋಟಕ್ಕೆ ಬರುತ್ತೇನೆ ಅಂದರು. ಸುತ್ತ ನಾಲ್ಕೈದು ಜನ ಇದ್ದರು. "ಖಂಡಿತ ಬನ್ನಿ ಮೇಡಂ" ಅಂದೆ. ಹೌದು, ಆಗಲೂ ಹೇಳಲಾಗಲಿಲ್ಲ. ಊರಿಗೆ ಬಂದು ಒಂದು ವಾರ ಆದ ಮೇಲೆ ಅವರಿಗೆ ಮೆಸೇಜ್ ಮಾಡಿದೆ. ತೋಟ 2018ರಲ್ಲಿ ಹೋಯಿತು, ಅವ್ವ ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್, ಅಪ್ಪ ಕೂಲಿಗೆ ಹೋಗುತ್ತಾರೆ, ಮನೆ ಸಣ್ಣದು, ಆದರೂ ಬನ್ನಿ ಅಂತ. ಅವರು ಉದ್ದ ಉತ್ತರ ಏನೂ ಬರೆಯಲಿಲ್ಲ. "ಬರ್ತೇನೆ. ಅಮ್ಮನಿಗೆ ರಜೆ ಇರೋ ದಿನ ಹೇಳಿ" ಅಂತ ಮಾತ್ರ ಬರೆದರು.

ಅವ್ವನಿಗೆ ವಾರದ ರಜೆ ಬುಧವಾರ. ಶನಿವಾರ ಭಾನುವಾರ ರಜೆ ಕೇಳುವ ಹಾಗೇ ಇಲ್ಲ.

ಊರಿಗೆ ಬಂದ ರಾತ್ರಿ ಆ ಹೋಟೆಲಿನ ಒಂದು ಸಣ್ಣ ಸೋಪು, ಒಂದು ಶಾಂಪೂ ಬಾಟಲಿ ಅವ್ವನ ಕೈಗಿಟ್ಟೆ. ಮೂಸಿ ನೋಡಿ, "ನಮ್ಮಲ್ಲಿಯದ್ದೇ ಚೆನ್ನಾಗಿದೆ" ಅಂತ ಕಪಾಟಿನಲ್ಲಿಟ್ಟಳು. ಆಮೇಲೆ ಕೇಳಿದಳು, "ಚೀಟಿ ಬರೆದಿಟ್ಯಾ? ಎಷ್ಟು ಇಟ್ಟೆ?"

"ಇನ್ನೂರು."

"ಇನ್ನೂರಾ!" ಅಂದಳು ಮಣಿಕಟ್ಟಿನ ಪಟ್ಟಿ ಬಿಚ್ಚುತ್ತಾ. "ದೊಡ್ಡ ತೋಟದವಳು ನೀನು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಪ್ಪ ಹೊರಗಿನಿಂದ, ಏನಾಯ್ತು ನಿಮಗೆ ಅಂತ ಕೇಳಿದರು.